ಇಲಾಸ್ಟಿಕ್ ಬದಲಿಸುವ ಕಿಂಡಿ

ಮಂಗಳವಾರ, ಊಟದ ಬಿಡುವು

ಅಪ್ಪನಿಗೆ ನಮಸ್ಕಾರ.

ಕ್ಷೇಮ ಸಮಾಚಾರ ಆಮೇಲೆ, ಮೊದಲು ಬಟ್ಟೆ. ನಾನು ಮನೆ ಬಿಟ್ಟ ಮೇಲೆ ನಿಮ್ಮಿಂದ ಬಂದ ಮೊದಲ ಕಾಗದ ಇದು. ಅದರಲ್ಲಿರುವುದು ಒಂದೇ ಪ್ರಶ್ನೆ: ಅಂಗಡಿಗೆ ‘ಆ ಸರಕು’ ಯಾವ ಬಟ್ಟೆಯದು ತರಿಸಲಿ, ಎಲೆ ಗುರುತಿನ ಬಿದಿರು ಬಟ್ಟೆ ಮಾರುವ ಏಜೆಂಟ್ ಶುಕ್ರವಾರದೊಳಗೆ ಉತ್ತರ ಕೇಳಿದ್ದಾನೆ. ಆ ಸರಕು ಎಂದರೆ ಹೆಂಗಸರ ಒಳ ಉಡುಪು, ಅಪ್ಪಾ. ಬ್ರಾ, ಚಡ್ಡಿ. ಕಾರ್ಖಾನೆಯಲ್ಲಿ ನಾನು ದಿನವಿಡೀ ಕತ್ತರಿಸುವುದು ಅದನ್ನೇ. ಹೆಸರು ಬರೆದರೆ ಕೈಯೇನೂ ಸವೆಯುವುದಿಲ್ಲ.

ಶಾಲೆ ಬಿಟ್ಟಾಗ ನೀವು, ಬೆಂಚಲ್ಲಿ ಕೂರೋಕಾಗದವಳು ಗಲ್ಲಾದಲ್ಲಿ ಕೂರ್ತಾಳಾ ಎಂದಿರಿ. ನಾನು ಚೀಲ ಹಿಡಿದು ಹೊರಟೆ. ಈಗ ನೀವೇ ಕೇಳಿದ್ದೀರಿ, ಹೇಳುತ್ತೇನೆ.

ಕಾಗದದ ಜೊತೆ ನೀವು ಕಳಿಸಿದ ಮೂರು ಬಟ್ಟೆ ತುಂಡುಗಳಲ್ಲೂ ಒಂದೊಂದು ಹೊಲಿದು, ತೊಟ್ಟು, ಒಗೆದು ನೋಡಿದೆ. ನಮ್ಮ ಮೇಲ್ವಿಚಾರಕಿಗೆ ಎಲ್ಲರೂ ಕತ್ತರಿಯಕ್ಕ ಎನ್ನುತ್ತೇವೆ. ಅವಳು, ಪರೀಕ್ಷೆಗೆ ನೀನೇ ಸರಿ ಕಣೇ, ಕೂತಲ್ಲಿ ಕೂರಲ್ಲ ನಿಂತಲ್ಲಿ ನಿಲ್ಲಲ್ಲ ಎಂದು ನಕ್ಕಳು.

ಬಿದಿರಿನ ಬಟ್ಟೆ ಮುಟ್ಟಿದರೆ ಬೆಣ್ಣೆ. ಆದರೆ ಬಿದಿರನ್ನು ರಾಸಾಯನಿಕದಲ್ಲಿ ಕರಗಿಸಿ, ಗಂಜಿಯಾಗಿಸಿ ಎಳೆ ತೆಗೆಯುತ್ತಾರೆ. ಆ ನೀರು ಎಲ್ಲಿ ಹೋಗುತ್ತದೆಂದು ಏಜೆಂಟನನ್ನೇ ಕೇಳಿ. ಎಲೆಯ ಚಿತ್ರ ಅಂಟಿಸಿದ ಮಾತ್ರಕ್ಕೆ ಬಟ್ಟೆ ಗಿಡದಲ್ಲಿ ಬಿಡುವುದಿಲ್ಲ. ಹಳೇ ಬಾಟಲಿ ಕರಗಿಸಿ ಮಾಡಿದ ಲೇಸು ನೋಡಲು ಚೆಂದ, ಆದರೆ ಮಧ್ಯಾಹ್ನದ ಹೊತ್ತಿಗೆ ಇಸ್ತ್ರಿ ಮೇಜಿನ ಹಿಂದೆ ಹೋಗಿ ಹೋಗಿ ಕೆರೆದುಕೊಂಡೆ. ಒಗೆದಷ್ಟೂ ಕಣ್ಣಿಗೆ ಕಾಣದ ಪ್ಲಾಸ್ಟಿಕ್ ಎಳೆಗಳನ್ನು ನೀರಿಗೆ ಬಿಡುತ್ತದಂತೆ. ಮೂರನೆಯದು ಔಷಧಿ ಹೊಡೆಯದೆ ಬೆಳೆದ, ಬಣ್ಣ ಹಾಕದ ಹತ್ತಿ. ಬೇಗ ಒಣಗುವುದಿಲ್ಲ, ಬಣ್ಣವೋ ಹಳೇ ಹಲ್ಲಿನದು. ಆದರೆ ಅದನ್ನು ತೊಟ್ಟ ದಿನ ತೊಟ್ಟಿದ್ದೇ ಮರೆತುಹೋಯಿತು.

ಹತ್ತಿಯೇ ತರಿಸಿ.

ಇಷ್ಟಕ್ಕೇ ಮುಗಿಯಲಿಲ್ಲ, ಇಲಾಸ್ಟಿಕ್ ಉಳಿಯಿತು. ಅದು ಮಣ್ಣಲ್ಲಿ ಕೊಳೆಯುವುದಿಲ್ಲ. ಹಾಗೆಂದು ಪೊಟ್ಟಣದ ಮೇಲೆ ಬರೆಯಬೇಕು ಎಂದೆ. ಬರೆದ್ರೆ ಯಾರೇ ತಗೋತಾರೆ, ಹುಚ್ಚಿ ಎಂದು ಕತ್ತರಿಯಕ್ಕ ಬೈದಳು. ಬರೆಯದಿದ್ದರೆ ನಾನು ಮಾರುವುದಿಲ್ಲ. ಅದೂ ಅಲ್ಲದೆ ಬಟ್ಟೆ ಗಟ್ಟಿಯಾಗಿರುವಾಗಲೇ ಇಲಾಸ್ಟಿಕ್ ಸಾಯುತ್ತದೆ, ಅದರ ಜೊತೆ ಬಟ್ಟೆಯೂ ಕಸಕ್ಕೆ. ಇದೊಂದು ತಲೆ ತಿನ್ನುತ್ತಿತ್ತು. ಊಟದ ಬಿಡುವಿನಲ್ಲೂ ಅಂಗಳದಲ್ಲಿ ಸುತ್ತುತ್ತಿದ್ದೆ, ಕಾವಲುಗಾರ ಏನಮ್ಮಾ ಕಳಕೊಂಡೆ ಎಂದು ಕೇಳಿದ.

ಆಗ ನೆನಪಾಯಿತು. ಅಮ್ಮ ತೀರಿಕೊಂಡ ವರ್ಷ ಅದು. ನಾನು ಗಣಿತದ ಪೀರಿಯಡ್ ತಪ್ಪಿಸಿ ಬಂದಿದ್ದೆ. ಅಂಗಡಿಯ ಬಾಗಿಲು ಅರ್ಧ ಎಳೆದಿತ್ತು. ಒಳಗೆ ನೀವು ಕನ್ನಡಕ ಹಣೆಗೇರಿಸಿ, ನನ್ನ ಚಡ್ಡಿಯ ಸೊಂಟದ ಮಡಿಕೆಯಲ್ಲಿ ಪಿನ್ನಿಗೆ ಕಟ್ಟಿದ ಹೊಸ ಇಲಾಸ್ಟಿಕ್ಕನ್ನು ಇಂಚಿಂಚೇ ತಳ್ಳುತ್ತಿದ್ದಿರಿ. ಹೆಜ್ಜೆ ಸದ್ದಾಗುತ್ತಲೇ ಮೇಲೆ ಪೇಪರ್ ಮುಚ್ಚಿದಿರಿ. ನಾನೂ ಏನೂ ಕಾಣದವಳಂತೆ ನೀರು ಕುಡಿಯಲು ಹೋದೆ.

ಇದರೊಂದಿಗೆ ಕಳಿಸಿರುವ ಮಾದರಿಯ ಪಕ್ಕದ ಹೊಲಿಗೆ ನೋಡಿ. ಒಂದು ಕಿಂಡಿ ಬಿಟ್ಟಿದ್ದೇನೆ, ನಿಮ್ಮ ಪಿನ್ನು ಹೋಗುವಷ್ಟು. ಇಲಾಸ್ಟಿಕ್ ಬದಲಾಗಲಿ, ಬಟ್ಟೆ ಉಳಿಯಲಿ. ಕತ್ತರಿಯಕ್ಕ ತಿರುಗಿಸಿ ಮುರುಗಿಸಿ ನೋಡಿ, ಯಾರು ಕಲಿಸಿದ್ರೇ ಎಂದಳು. ನಮ್ಮಪ್ಪ ಎಂದೆ.

ಹತ್ತಿ ತರಿಸಿದರೆ ಹೆಂಗಸರ ಕೌಂಟರಿಗೆ ನಾನು ಬರುತ್ತೇನೆ. ಕೂರುವುದಿಲ್ಲ, ನಿಂತೇ ಮಾರುತ್ತೇನೆ. ನೀವು ಫ್ಯಾನು ನೋಡುತ್ತಾ ಸಣ್ಣದಾ ದೊಡ್ಡದಾ ಎನ್ನುತ್ತೀರಿ, ಬಂದ ಹೆಂಗಸರು ನೆಲ ನೋಡುತ್ತಾ ಕೊಟ್ಟದ್ದನ್ನು ಒಯ್ಯುತ್ತಾರೆ. ನಾನು ಟೇಪು ಹಿಡಿದು ಅಳತೆ ಕೇಳುತ್ತೇನೆ. ಎಲೆ ಗುರುತಿನದು ಕಪಾಟಿನಲ್ಲಿದ್ದರೆ ಮಾತ್ರ ಬರುವುದಿಲ್ಲ. ಬೇಕೋ ಬೇಡವೋ, ಬೇಗ ಬರೆಯಿರಿ. ಕಾಯುವುದೊಂದು ನನ್ನ ಕೈಲಾಗದು.

ನಾನು ಕ್ಷೇಮ. ನಿಮ್ಮ ಮಂಡಿನೋವು ಹೇಗಿದೆ?

ಇಂತಿ,
ಇನ್ನೂ ನಿಲ್ಲದ ನಿಮ್ಮ ಬುಗುರಿ

ಮರೆತಿದ್ದೆ. ಇಲ್ಲ, ಸುಳ್ಳು. ಧೈರ್ಯ ಸಾಲದೆ ಕೊನೆಗೆ ಇಟ್ಟುಕೊಂಡಿದ್ದೆ. ಬಟ್ಟೆಯ ತುಂಡುಗಳ ಕೆಳಗೆ ನೀವು ಪೇಪರಿನಲ್ಲಿ ಸುತ್ತಿಟ್ಟ ಪೊಟ್ಟಣ ಸಿಕ್ಕಿತು. ಹಿಂದೆ ನನ್ನ ದಿಂಬಿನ ಕೆಳಗೆ ಇಡುತ್ತಿದ್ದಂಥದ್ದೇ, ಅದೇ ಗಂಟು, ಒಳಗೆ ಅದೇ ಮೂವತ್ತರ ಸೈಜಿನ ಬ್ರಾ. ಹದಿನೈದನೇ ವಯಸ್ಸಿಗೇ ಅದು ಬಿಗಿಯಾಗಿತ್ತು. ಬೆಂಚಿನಲ್ಲಿ ಉಸಿರು ಕಟ್ಟುತ್ತಿತ್ತು. ಶಾಲೆ ಬಿಟ್ಟಿದ್ದು ಅದೊಂದಕ್ಕೇ ಎನ್ನಲಾರೆ, ಗಣಿತವೂ ಇತ್ತು. ಹೇಳಲು ನನಗೆ ನಾಚಿಕೆ, ಕೇಳಲು ನಿಮಗೆ. ನನ್ನದು ಈಗ ಮೂವತ್ತನಾಲ್ಕು, ಅಪ್ಪಾ.