ಟೈಲರಮ್ಮನ ದವಡೆ

ಮಾರ್ಚ್ 4, ಬೆಳಿಗ್ಗೆ 9.15

ಎರಡನೇ ಟೀ ಕೂಡ ಆರಿತು. ಟೈಲರಮ್ಮನ ಸ್ಕ್ಯಾನ್ ತೆರೆದಿದ್ದೇನೆ. ಕೆಳದವಡೆ ಹುಟ್ಟಿನಿಂದಲೇ ಚಿಕ್ಕದು. ಮಲಗಿದರೆ ನಾಲಿಗೆ ಹಿಂದೆ ಬಿದ್ದು ಉಸಿರು ಕಟ್ಟುತ್ತದೆ. ರಾತ್ರಿ ನಿದ್ದೆಯಿಲ್ಲ, ಹಗಲು ಹೊಲಿಗೆ ಮಷಿನ್ ಮುಂದೆ ತೂಕಡಿಕೆ. ಎರಡು ಸಲ ಸೂಜಿ ಬೆರಳಿನೊಳಗೇ ಇಳಿದಿದೆ.

ಎರಡೂ ದವಡೆ ಕತ್ತರಿಸಿ ಮುಂದೆ ತರಬೇಕು. ಕತ್ತರಿಸುವವರು ಡಾಕ್ಟರ್. ಎಲ್ಲಿ, ಎಷ್ಟು ಅಂತ ಕಂಪ್ಯೂಟರ್‌ನಲ್ಲಿ ಮೊದಲೇ ಕತ್ತರಿಸಿ ತೋರಿಸುವವಳು ನಾನು. ಹನ್ನೊಂದು ವರ್ಷದಿಂದ. ಜಂಬ ಅಂದರೆ ಜಂಬವೇ, ಇರಲಿ.

ಅಂದುಕೊಂಡಷ್ಟು ಕೆಟ್ಟಿಲ್ಲ. ಮುಂದಿನ ಹಲ್ಲುಗಳು ಅಂಚಿಗೆ ಅಂಚು ಕೂತಿವೆ. ನೀರು ಕುಡಿದಷ್ಟು ಸುಲಭ.

ಮಾರ್ಚ್ 6

ಪ್ಲಾನ್ ಮುಗಿಯಿತು. ಡಾಕ್ಟರ್ ನೋಡಿ "ಚೆನ್ನಾಗಿದೆ" ಅಂದರು. ಅರ್ಧ ಮಿಲಿಮೀಟರ್‌ಗೂ ಜಗಳಕ್ಕೆ ಬರುವ ಮನುಷ್ಯ — ನಾನಿಟ್ಟ ಹೆಸರೇ ಅರ್ಧ ಮಿಲಿ. ಅವರ ಒಂದು "ಚೆನ್ನಾಗಿದೆ" ಅಂದರೆ ನನಗೆ ಒಂದು ವಾರದ ಸಂಬಳ.

ಸ್ಪ್ಲಿಂಟ್ ಪ್ರಿಂಟ್‌ಗೆ ಹಾಕಿದೆ. ಪುಟ್ಟ ಪ್ಲಾಸ್ಟಿಕ್ ಅಚ್ಚು. ಆಪರೇಷನ್ ಹೊತ್ತಲ್ಲಿ ಹಲ್ಲುಗಳ ನಡುವೆ ಇಟ್ಟರೆ ಮೇಲ್ದವಡೆ ಎಲ್ಲಿ ಕೂರಬೇಕು ಅಂತ ಅದೇ ತೋರಿಸುತ್ತದೆ. ಕೆಳದವಡೆ ಇರುವ ಜಾಗವನ್ನೇ ನಂಬಿಕೊಂಡು.

ಮಾರ್ಚ್ 11, ಮಧ್ಯಾಹ್ನ 12.30

ಆಪರೇಷನ್‌ಗೆ ಎರಡು ದಿನ. ಟೈಲರಮ್ಮ ಗಂಡನ ಜೊತೆ ಬಂದಿದ್ದರು. ಸ್ಕ್ರೀನ್ ಮೇಲೆ ಹೊಸ ಮುಖ ತೋರಿಸಿದೆ. "ಇದು ನಾನೇನಾ? ಪರ್ವಾಗಿಲ್ವೇ!" ಅಂದರು. ಆಮೇಲೆ ನನ್ನ ಏಪ್ರನ್ ಕಡೆ ನೋಟ. "ಮೇಡಂ, ಗುಂಡಿ ನೇತಾಡ್ತಾ ಇದೆ. ನೋಡಕ್ಕಾಗಲ್ಲ ನಂಗೆ. ಕೊಡಿ."

ಬ್ಯಾಗಿನಿಂದ ಸೂಜಿ ಬಂತು. ನಾಲ್ಕು ಹೊಲಿಗೆ, ಒಂದು ಗಂಟು. ಬಗ್ಗಿ ದಾರ ಹಲ್ಲಿಗೆ ಕೊಟ್ಟರು. ಕೆಳದವಡೆ ಮುಂದೆ ಜಾರಿತು, ಅಂಚಿಗೆ ಅಂಚು — ಕಟ್. ದಾರ ತುಂಡು.

ಅವರ ಹಳೆಯ ಸ್ಕ್ಯಾನ್ ಮತ್ತೆ ತೆರೆದೆ. ಅಲ್ಲೂ ಹಲ್ಲುಗಳು ಕೂತಿದ್ದು ಹೀಗೇ, ದವಡೆ ಮುಂದೆ ಜಾರಿಸಿಕೊಂಡು.

"ಸ್ಕ್ಯಾನ್ ದಿನ ಹೇಗೆ ಕಚ್ಚಿದ್ರಿ?"

"ಕಚ್ಚಿ ಅಂದ್ರು, ಕಚ್ಚಿದೆ. ನಾನು ಕಚ್ಚೋದೇ ಹೀಗೆ ಅಲ್ವಾ, ಇಪ್ಪತ್ತು ವರ್ಷದಿಂದ!"

ಆವತ್ತು ಪಕ್ಕದಲ್ಲಿ ನಿಂತು ಹಲ್ಲು ನೋಡಬೇಕಾದವಳು ನಾನು. ಸ್ಕ್ಯಾನ್ ರೂಮಿನವರಿಗೆ ಫೋನಲ್ಲೇ "ಕಚ್ಚಿಸಿ ತೆಗೀರಿ" ಅಂದು ಕೈ ತೊಳೆದುಕೊಂಡಿದ್ದೆ. ಅರಿವಳಿಕೆ ಕೊಟ್ಟ ಮೇಲೆ ಕೆಳದವಡೆ ತನ್ನ ಜಾಗಕ್ಕೆ ಹಿಂದೆ ಸರಿಯುತ್ತದೆ. ಅದನ್ನೇ ನಂಬಿದ ಸ್ಪ್ಲಿಂಟ್ ಮೇಲ್ದವಡೆಯನ್ನೂ ಹಿಂದಕ್ಕೆ ಎಳೆಯುತ್ತದೆ. ಇಷ್ಟೆಲ್ಲ ಕತ್ತರಿಸಿಕೊಂಡರೂ ಉಸಿರಿನ ದಾರಿ ಸಾಕಷ್ಟು ತೆರೆದುಕೊಳ್ಳುತ್ತಿರಲಿಲ್ಲ.

ಸಂಜೆ 4

ಡಾಕ್ಟರ್ ರೂಮಿಗೆ ಹೋಗಿ ಹೇಳಿಬಿಟ್ಟೆ. "ತಪ್ಪು ನಂದು ಸರ್. ಇನ್ನೊಂದು ಸ್ಕ್ಯಾನ್ ಬೇಕು." ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು. "ಹದಿಮೂರನೇ ತಾರೀಖಿಗೆ ರೆಡಿ ಆಗುತ್ತಾ?" "ಆಗುತ್ತೆ." ಆಗುತ್ತೆ ಅಂತ ಗೊತ್ತಿತ್ತು, ಅದಕ್ಕೇ ಅಂದೆ. ಕೋಪ ಬಂದಿದ್ದು ನನಗೆ, ಅದೂ ನನ್ನ ಮೇಲೇ.

ಈ ಸಲ ಪಕ್ಕದಲ್ಲೇ ನಿಂತೆ. "ದಾರ ಇಲ್ಲ, ಏನೂ ಇಲ್ಲ. ಎಂಜಲು ನುಂಗಿ. ಹಿಂದಿನ ಹಲ್ಲು ಸೇರಿಸಿ, ಹಾಗೇ ಇರಿ."

ಮಾರ್ಚ್ 12

ನಾಲ್ಕು ಮಿಲಿ ವ್ಯತ್ಯಾಸ. ಅರ್ಧ ಅಲ್ಲ, ನಾಲ್ಕು! ಪ್ಲಾನ್ ಮೊದಲಿಂದ. ಊಟ ಬಿಟ್ಟೆ. ಹೊಸ ಸ್ಪ್ಲಿಂಟ್ ಬಂತು. ಹಳೆಯದನ್ನು ಎಸೆಯಲಿಲ್ಲ. ಕೀಬೋರ್ಡ್ ಪಕ್ಕ ಇಟ್ಟಿದ್ದೇನೆ, ನನ್ನ ಕೊಬ್ಬು ಇಳಿಯಲಿ ಅಂತ.

ಮಾರ್ಚ್ 13, ಮಧ್ಯಾಹ್ನ 2.40

ಆಪರೇಷನ್ ಥಿಯೇಟರ್‌ನ ಮೂಲೆಯಲ್ಲಿ ನಿಂತಿದ್ದೆ. ಸ್ಪ್ಲಿಂಟ್ ಇಟ್ಟರು. ಮೇಲ್ದವಡೆ ಬಂದು ಕೂತಿತು. ಅಳೆದರು. ಮತ್ತೆ ಅಳೆದರು. ಡಾಕ್ಟರ್ ಅರ್ಧ ಮಿಲಿ ನನ್ನ ಕಡೆ ತಿರುಗಿ, "ಜಗಳಕ್ಕೆ ಏನೂ ಉಳಿಸಿಲ್ವಲ್ಲ ನೀವು."

ನಾನಲ್ಲವೇ ಮತ್ತೆ!

ಏಪ್ರಿಲ್ 24, ಬೆಳಿಗ್ಗೆ 11

ಆರು ವಾರ. ಊತ ಇಳಿದಿದೆ. ಗಂಡನದೇ ಹೆಚ್ಚು ಮಾತು: "ಗೊರಕೆ ಇಲ್ಲ, ಸದ್ದಿಲ್ಲ. ಭಯ ಆಗಿ ಮೂಗಿನ ಹತ್ರ ಕೈ ಇಟ್ಟು ನೋಡೋದು." ಟೈಲರಮ್ಮ: "ಉಸಿರಾಡ್ತಿದೀಯಾ ಅಂತ ಎಬ್ಬಿಸಿ ಕೇಳ್ತಾರೆ ಮೇಡಂ! ಈಗ ನಿದ್ದೆ ಕೆಡಿಸೋರು ಇವರೇ." ನಕ್ಕು ನಕ್ಕು ಸಾಕಾಯಿತು.

ಏಪ್ರನ್‌ನ ಇನ್ನೊಂದು ಗುಂಡಿ ಅವರ ಕಣ್ಣಿಗೆ ಬಿತ್ತು. ಬಿಡುತ್ತಾರೆಯೇ? ಹೊಲಿದರು. ದಾರ ಬಾಯಿಗೆ ಹೋಯಿತು. "ಕಚ್ಬೇಡಿ! ಇನ್ನೂ ಕೆಲವು ವಾರ ಬೇಡ!" ಅಂತ ಕೂಗಿದೆ.

"ಕಚ್ಚಲ್ಲಪ್ಪ. ಸುಮ್ನೆ ಇಟ್ಕೊಂಡು ನೋಡ್ದೆ."

ಬಾಯಿ ಮುಚ್ಚಿದರು. ದವಡೆ ಮುಂದೆ ಜಾರಲಿಲ್ಲ. ಇದ್ದಲ್ಲೇ ಇದ್ದು ಹಲ್ಲುಗಳು ಸೇರಿದವು. ಅವರಿಗೆ ಅದು ಗೊತ್ತೇ ಆಗಲಿಲ್ಲ. ಕತ್ತರಿಗೆ ಕೈ ಚಾಚಿದರು. ನನ್ನ ಕಣ್ಣು ತುಂಬಿತು, ಸುಳ್ಳೇಕೆ.

ಕತ್ತರಿ ಕೊಡುವಾಗ ಬೆರಳು ನೋಡಿದೆ. ಸೂಜಿಯ ಹಳೆಯ ಕಲೆ ಎರಡು. ಹೊಸದು ಒಂದೂ ಇಲ್ಲ.