ಸಾಯದ ಪೇದೆಗಾಗಿ ಗಡೀಪಾರು

ಅಖಿಲ ನಡುಮನೆ ಚಕ್ರವರ್ತಿನಿ, ರಿಮೋಟ್‌ಧಾರಿಣಿ, ಶ್ರೀಮತಿ ದೊಡ್ಡಮ್ಮನವರ ದಿವ್ಯ ಸನ್ನಿಧಿಗೆ,

ಕಳೆದ ಶನಿವಾರ ನಮ್ಮ ಹಳೇ ಪೊಲೀಸ್ ಧಾರಾವಾಹಿಗೆ ಈಗ ಬರುತ್ತಿರುವ ಪೂರ್ವಕಥೆಯ ಹೊಸ ಕಂತಿನಲ್ಲಿ ತರುಣ ಪೇದೆಗೆ ಗುಂಡು ತಗುಲಿತು. ನಿಮ್ಮ ನಡುಮನೆಯಲ್ಲಿ ಟೀವಿ ಮುಂದೆ ಸೇರಿದ್ದ ಅಭಿಮಾನಿ ಬಳಗವೆಲ್ಲ ಕಣ್ಣೊರೆಸಿಕೊಳ್ಳುತ್ತಿದ್ದಾಗ ನಾನು, “ಯಾಕೆ ಅಳ್ತೀರಾ? ಹಳೇ ಧಾರಾವಾಹೀಲಿ ಇವ್ನು ರಿಟೈರಾಗಿ ಗಿಡಕ್ಕೆ ನೀರು ಹಾಕ್ತಿರ್ತಾನಲ್ಲ!” ಎಂದೆ. “ಬಾಯಿಗೆ ಬೀಗ ಇಲ್ವೇನೋ ನಿಂಗೆ? ಎದ್ದು ಹೊರಡು,” ಎಂದು ಗಡೀಪಾರು ಮಾಡಿದಿರಿ.

ಕ್ಷಮೆ ಕೇಳುವುದಿಲ್ಲ. ಬದುಕುವವನನ್ನು ಬದುಕುತ್ತಾನೆ ಎನ್ನುವುದು ಯಾವ ಸೀಮೆಯ ಅಪರಾಧ? ನಾಳೆ ಸಂಜೆ ಏಳರ ಕಂತಿಗೆ ಬಂದೇ ಬರುತ್ತೇನೆ, ಚಿಲಕ ಹಾಕಬೇಡಿ. ಚಪ್ಪಲಿ ಸ್ಟ್ಯಾಂಡಿನ ಪಕ್ಕ ಕೂರಿಸಿದರೂ ಅಡ್ಡಿಯಿಲ್ಲ.

ಇಂತಿ, ತಲೆಬಾಗದ
ನಿಮ್ಮ ತರಲೆ

ಇನ್ನೊಂದು ವಿಷಯ, ಬಳಗಕ್ಕೆ ಹೇಳಬೇಡಿ: ಗುಂಡಿನ ಸದ್ದಿಗೆ ನಾನು ದಿಂಬಿನಲ್ಲಿ ಮುಖ ಹುದುಗಿಸಿದ್ದೆ. ಆ ಮಾತು ಕೂಗಿದ್ದು ನನಗೇ ಧೈರ್ಯ ಬರಲೆಂದು.