ತಂತಿ ಬಿಚ್ಚಿಟ್ಟ ಗುಟ್ಟು

ಪ್ರೀತಿಯ ಹಿಲ್ಕಾ,

ನನ್ನ ಪೇಸ್‌ಮೇಕರ್ ತಂತಿಯ ವಿದ್ಯುತ್ ತಡೆ ಒಮ್ಮೊಮ್ಮೆ ವಿಪರೀತ ಏರುತ್ತಿದೆಯೆಂದು ಆಸ್ಪತ್ರೆಗೆ ಕರೆಸಿದ್ದರು. ಡಾಕ್ಟರು ಕೈ ಎತ್ತಿಸಿದರು, ಕೆಮ್ಮಿಸಿದರು, ಪರದೆಯ ಮೇಲಿನ ಅಂಕಿ ಅಲುಗಲಿಲ್ಲ.

"ಮನೇಲಿ ಏನು ಮಾಡ್ತಿರ್ತೀರಿ ಯಜಮಾನ್ರೇ?" ಎಂದರು.

"ಸೌನಾ ಹಬೆಸ್ನಾನಕ್ಕೆ ಸೌದೆ ಜೋಡಿಸ್ತೀನಿ," ಎಂದೆ.

ಜೊತೆಗೆ ಬಂದಿದ್ದ ಪಕ್ಕದ ಮನೆಯ ಲೆಂಪಿ, "ಸುಳ್ಳು ಹೇಳ್ಬೇಡ, ಏಳು," ಎಂದು ನನ್ನನ್ನು ಎಬ್ಬಿಸಿ ಅಲ್ಲೇ ಟ್ಯಾಂಗೋ ಕುಣಿತ ಶುರುಮಾಡಿದಳು. ನಿನ್ನಮ್ಮ ಹೋದಮೇಲೆ ನಾನು ಕುಣಿದಿಲ್ಲವೆಂದೇ ನೀನು ತಿಳಿದಿರಬಹುದು. ಎಡಗೈ ಎತ್ತಿ ಅವಳನ್ನು ತಿರುಗಿಸಿದ್ದೇ ತಡ, ಅಂಕಿ ಜಿಗಿಯಿತು.

"ಈಗ ಗುಟ್ಟು ಗೊತ್ತಾಯ್ತು," ಎಂದರು ಡಾಕ್ಟರು. ಅವರು ಹೇಳಿದ್ದು ಭುಜದ ಬಳಿ ಬಿರುಕುಬಿಟ್ಟ ತಂತಿಯ ವಿಷಯ.

ಸೋಮವಾರ ಹೊಸ ತಂತಿ ಹಾಕುತ್ತಾರೆ. ಗಾಬರಿಯಾಗಬೇಡ. ಭಾನುವಾರ ಬರುವಾಗ ಏಲಕ್ಕಿ ಬನ್ ತಾ, ಮೂವರಿಗಾಗುವಷ್ಟು.

ನಿನ್ನ ಅಪ್ಪ,
ತಾಯಿಸ್ಟೊ